ಹತ್ತು ಹೆಜ್ಜೆಯೊಳಗಿನ ಹೆಂಗಸರು

ಮತದಾರರ ಕರಡು ಪಟ್ಟಿ ಬಂದ ದಿನ ವಿಜಯಪುರದ ಎಣಿಕೆ ಕೇಂದ್ರದಲ್ಲಿ ಎಲ್ಲರೂ ಮಾಡಿದ ಮೊದಲ ಕೆಲಸ ತಮ್ಮ ಮನೆಯವರ ಹೆಸರು ಹುಡುಕಿದ್ದು. ಹಾಗೆ ಹುಡುಕುವುದು ನಿಯಮಕ್ಕೆ ವಿರುದ್ಧ. ಆದರೂ ಎರಡು ವರ್ಷ ಕಣ್ಣು ಕೆಡಿಸಿಕೊಂಡು ಮಾಡಿದ ಪಟ್ಟಿಯಲ್ಲಿ ತನ್ನ ಅವ್ವನ ಹೆಸರು ಎಲ್ಲಿದೆ ಎಂದು ನೋಡದೆ ಯಾರು ಇರುತ್ತಾರೆ? ಪಕ್ಕದ ಮೇಜಿನ ರಿಯಾಜ್ ಜಮಾದಾರ ತನ್ನ ಅಜ್ಜಿಯ ಹೆಸರು ಕಂಡು, "ಎಂಬತ್ತಾರು ವರ್ಷ ಆಗೇತಿ, ಇನ್ನೂ ಹಸರ ಬಣ್ಣದಾಗ ಕುಂತಾಳ ನೋಡ್ರಿ ಮುದುಕಿ" ಎಂದು ನಕ್ಕ.

ಚಂಪಾ ರಾಠೋಡ ತನ್ನ ತಾಯಿಯ ಹೆಸರು ಒತ್ತಿದಳು.

ಜಮಲಿಬಾಯಿ ಟೋಪು ರಾಠೋಡ. ವಯಸ್ಸು ನಲವತ್ತೆಂಟು. ಕೆಲಸ ಕಬ್ಬು ಕಡಿಯುವುದು. ಬಣ್ಣ ಬೂದು. ರದ್ದು. ಕಾರಣ: ನಿಯಮ ಏಳು.

ನಿಯಮ ಏಳನ್ನು ಬರೆದವಳು ಚಂಪಾ.

ಹಳೆಯ ಪದ್ಧತಿಯಲ್ಲಿ ಕ್ಷೇತ್ರವೆಂದರೆ ನೆಲ. ನಕಾಶೆಯ ಮೇಲೆ ಗೆರೆ ಎಳೆದು ಗೆರೆಯೊಳಗಿನವರಿಗೆಲ್ಲ ಒಬ್ಬ ಪ್ರತಿನಿಧಿ. ಗೆರೆ ಎಳೆದವರು ಸತ್ತು ಅರವತ್ತು ವರ್ಷವಾದರೂ ಗೆರೆ ಸಾಯಲಿಲ್ಲ. ಒಂದು ಕಡೆ ಇಪ್ಪತ್ತು ಸಾವಿರ ಜನಕ್ಕೆ ಒಂದು ಕುರ್ಚಿ, ಪಕ್ಕದಲ್ಲಿ ಒಂದೂವರೆ ಲಕ್ಷ ಜನಕ್ಕೂ ಒಂದೇ ಕುರ್ಚಿ. ಇನ್ನು ವರ್ಷದಲ್ಲಿ ಅರ್ಧ ಕಾಲ ಊರಲ್ಲೇ ಇರದವರು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ. ಚುನಾವಣೆ ಬಂದಾಗ ಅವರನ್ನು ಟ್ರಕ್ಕಿನಲ್ಲಿ ತುಂಬಿ ತಂದು, ಗುಂಡಿ ಒತ್ತಿಸಿ, ಅದೇ ಟ್ರಕ್ಕಿನಲ್ಲಿ ವಾಪಸ್ ಒಯ್ಯುತ್ತಿದ್ದರು. ಅವರ ಪ್ರತಿನಿಧಿಯ ಮುಖವನ್ನು ಅವರು ಗೋಡೆಯ ಮೇಲಿನ ಚಿತ್ರದಲ್ಲಿ ಮಾತ್ರ ಕಂಡಿದ್ದರು.

ಉತ್ತರ ಪ್ರಾಂತಕ್ಕೆ ಬೇರೆ ಶಾಸನಸಭೆಯಾದಾಗ ಹೊಸ ಕಾನೂನು ಬಂತು. ಕ್ಷೇತ್ರವೆಂದರೆ ನೆಲವಲ್ಲ, ಜನ. ಪ್ರತಿ ವಯಸ್ಕರಿಗೂ ನಾಣ್ಯದಷ್ಟು ಅಗಲದ ಒಂದು ಬಿಲ್ಲೆ ಕೊಟ್ಟರು. ಬಿಸಿಲಿನಲ್ಲೇ ಚಾರ್ಜ್ ಆಗುವ ಬಿಲ್ಲೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಊರೂರಿನ ಕಂಬಗಳು ಒಂದು ಕರೆ ಕೊಡುತ್ತವೆ, ಬಿಲ್ಲೆ 'ಇಲ್ಲಿದ್ದೇನೆ' ಎಂದು ಓಗೊಡುತ್ತದೆ. ಅಷ್ಟೇ. ಅದು ಮಾತು ಕದ್ದು ಕೇಳುವುದಿಲ್ಲ, ಚಿತ್ರ ತೆಗೆಯುವುದಿಲ್ಲ. ವರ್ಷದ ಓಗೊಡುವಿಕೆಯನ್ನೆಲ್ಲ ಕೂಡಿಸಿ, ಯಾರು ಯಾರ ಜೊತೆ ಬದುಕುತ್ತಾರೆ ಎಂದು ನೋಡಿ, ಯಂತ್ರ ನಲವತ್ತು ಸಾವಿರ ಜನರ ಒಂದೊಂದು ಕ್ಷೇತ್ರ ಕಟ್ಟುತ್ತದೆ. ಜೊತೆಯಾಗಿ ವಲಸೆ ಹೋಗುವವರು ನಲವತ್ತು ಸಾವಿರ ಮುಟ್ಟಿದರೆ ಅವರಿಗೂ ಒಂದು ಕುರ್ಚಿ. ಅವರ ಕ್ಷೇತ್ರಕ್ಕೆ ಊರಿಲ್ಲ, ಅದು ಅವರ ಜೊತೆಗೇ ನಡೆಯುತ್ತದೆ. ದೀಪಾವಳಿಗೆ ತಾಂಡಾ ಬಿಟ್ಟು ಹೋಳಿ ಹುಣ್ಣಿಮೆಗೆ ತಿರುಗಿ ಬರುವ ಕಬ್ಬಿನ ಜನ ಪ್ರಾಂತದಲ್ಲಿ ನಲವತ್ತಮೂರು ಸಾವಿರದ ನೂರ ಎಂಬತ್ತು. ಚಂಪಾ ಈ ಕೆಲಸಕ್ಕೆ ಸೇರಿದ್ದೇ ಆ ಒಂದು ಕುರ್ಚಿಗಾಗಿ.

ನಿಯಮ ಏಳು ಬಂದದ್ದು ಕಳ್ಳರನ್ನು ಹಿಡಿಯಲಿಕ್ಕೆ. ಹೊಸ ಪದ್ಧತಿಯ ಪರೀಕ್ಷೆಯ ವರ್ಷದಲ್ಲಿ ಒಬ್ಬ ಜಮೀನ್ದಾರ, ಪುಣೆಗೆ ದುಡಿಯಲು ಹೋದ ತನ್ನೂರಿನ ಮುನ್ನೂರು ಜನರ ಬಿಲ್ಲೆಗಳನ್ನು ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದ. ಅವನ ಕಪಾಟಿನಲ್ಲಿ ಮುನ್ನೂರು ಜನ ಸಂಸಾರ ಮಾಡುತ್ತಿದ್ದಾರೆ ಎಂದು ಯಂತ್ರ ನಂಬಿತ್ತು. ಆ ಸಿಟ್ಟಿನಲ್ಲಿ ಚಂಪಾ ಒಂದೇ ಮಧ್ಯಾಹ್ನದಲ್ಲಿ ನಿಯಮ ಬರೆದಳು: ಎರಡು ಬಿಲ್ಲೆಗಳು ನೂರು ದಿನ ಬಿಡದೆ, ಹನ್ನೆರಡರ ಕರೆಗೆ ಹತ್ತು ಹೆಜ್ಜೆಯೊಳಗೇ ಇದ್ದರೆ ಎರಡೂ ಒಬ್ಬರ ಕೈಯಲ್ಲಿವೆ ಎಂದು ಅರ್ಥ, ನಂತರ ನೋಂದಾಯಿಸಿದ್ದನ್ನು ರದ್ದು ಮಾಡು. ಸಮಿತಿಯಲ್ಲಿ ಒಬ್ಬರು, "ಗಂಡ ಹೆಂಡತಿ ಇದ್ದರ?" ಎಂದು ಕೇಳಿದ್ದರು. ಇನ್ನೊಬ್ಬರು, "ನೂರು ದಿನ ಹೆಂಡತಿ ಹತ್ತು ಹೆಜ್ಜೆಯೊಳಗ ಇದ್ದ ಗಂಡ ಬದುಕಿ ಉಳದಿದ್ದರ ಹೇಳ್ರಿ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ಚಂಪಾ ಕೂಡ ನಕ್ಕಿದ್ದಳು.

ಕಬ್ಬಿನ ಹೊಲದಲ್ಲಿ ಗಂಡ ಬುಡ ಕಡಿಯುತ್ತಾನೆ, ಹೆಂಡತಿ ಬೆನ್ನಿಗೇ ಬಂದು ಎಲೆ ಸವರಿ ಹೊರೆ ಕಟ್ಟುತ್ತಾಳೆ. ಇಬ್ಬರ ನಡುವೆ ಎಂದೂ ಮೂರು ಹೆಜ್ಜೆಗಿಂತ ಹೆಚ್ಚಿಲ್ಲ. ರಜೆ ಇಲ್ಲ, ಹಬ್ಬವಿಲ್ಲ, ಹನ್ನೆರಡರ ಹೊತ್ತಿಗೆ ಟ್ರ್ಯಾಕ್ಟರ್ ತುಂಬುವ ಅವಸರ. ಇದನ್ನು ಚಂಪಾ ಹುಟ್ಟಿದಾಗಿನಿಂದ ಕಂಡಿದ್ದಳು. ಕಬ್ಬಿನ ಒಣ ಎಲೆಯ ರವದಿಯ ಮೇಲೆ ಮಲಗಿ ಕಂಡಿದ್ದಳು. ಆದರೆ ನಿಯಮ ಬರೆಯುವಾಗ ಅವಳ ಕಣ್ಣ ಮುಂದೆ ಇದ್ದದ್ದು ಬರೀ ಕಪಾಟು.

ಅವಳು ಲೆಕ್ಕ ತೆಗೆದಳು. ರದ್ದಾದವರು ಇಪ್ಪತ್ತು ಸಾವಿರದ ಇನ್ನೂರ ಎಪ್ಪತ್ತಾರು. ಎಲ್ಲರೂ ಹೆಂಗಸರೇ, ಯಾಕೆಂದರೆ ಪ್ರತಿ ಮನೆಯಲ್ಲೂ ಮೊದಲು ಗಂಡಸಿನ ಹೆಸರು ಬರೆಸಿದ್ದರು. ಉಳಿದದ್ದು ಇಪ್ಪತ್ತೆರಡು ಸಾವಿರದ ಒಂಬೈನೂರ ನಾಲ್ಕು. ಕುರ್ಚಿ ಇಲ್ಲ.

ಆಯುಕ್ತ ಹೂಲಿ ಸಾಹೇಬರು ಚಹಾ ಕುಡಿಯುತ್ತಿದ್ದರು. ಚಂಪಾ ನಿಂತೇ ಹೇಳಿದಳು.

"ನಿಯಮ ಏಳು ತಪ್ಪು ಕಡೆ ಹೊಡದೈತ್ರಿ, ಸರ್."

"ತಪ್ಪಲ್ಲ ತಂಗಿ. ನಿಯಮ ಹೆಂಗೈತಿ, ಯಂತ್ರ ಹಂಗ ಹೊಡದೈತಿ."

"ಆ ನಿಯಮ ನಾನ ಬರದೀನ್ರಿ. ಕಪಾಟು ಜಾಗಾ ಬಿಟ್ಟು ನಡಿಯೂದಿಲ್ಲ, ಈ ಹೆಂಗಸರು ದಿನಾ ಹೊಲ ಬದಲಿ ಮಾಡ್ತಾರ. ಒಂದು ಸಾಲು ಸೇರಿಸಿದರ ಮುಗೀತು."

"ಬರದಾಕಿ ನೀನು, ಸಹಿ ಮಾಡಿದ್ದು ಸಮಿತಿ. ಈಗ ಅದು ನಿಂದಲ್ಲ." ಅವರು ಬಟ್ಟಲು ಕೆಳಗಿಟ್ಟರು. "ಕುಂಡ್ರು, ತಿಳಿಸಿ ಹೇಳ್ತೀನಿ. ಸಭಾದಾಗ ಕುರ್ಚಿ ನೂರಾ ಇಪ್ಪತ್ತು. ನೂರಾ ಇಪ್ಪತ್ತೊಂದು ಮಾಡಾಕ ಬರೂದಿಲ್ಲ. ಈ ಕಬ್ಬಿನವರದೊಂದು ಹುಟ್ಟಿದರ ನದಿದಂಡಿ ಎರಡು ಹಳೇ ಕ್ಷೇತ್ರ ಕೂಡಿ ಒಂದಾಗತಾವ. ಅಲ್ಲಿ ಕುಂತವರು ಯಾರು ಅಂತ ನನ್ನ ಬಾಯಿಲೆ ಹೇಳಸಬ್ಯಾಡ."

"ಹಂಗಾರ ಇದು ನಿಮಗ ಮೊದಲ ಗೊತ್ತಿತ್ತೇನ್ರಿ?"

"ನನಗ ಏನೂ ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ಪಗಾರ ಕೊಡ್ತಾರ ನನಗ." ಅವರು ತಮ್ಮ ಮಾತಿಗೆ ತಾವೇ ನಕ್ಕರು. "ಆಕ್ಷೇಪಣೆಗೆ ಎರಡು ದಿನ ಅದಾವ. ಬೇಕಾದವರು ಹಾಕ್ಲಿ. ಆದರ ಇಲ್ಲಿ ನೌಕರಿ ಮಾಡೋರು ಹೊರಗ ಹೋಗಿ ಹೇಳಿಕೊಟ್ಟರ ಅಮಾನತು. ತಾಂಡಾದ ಹುಡುಗಿ ಇಷ್ಟು ಮ್ಯಾಲ ಬಂದಿ, ಹಾಳ ಮಾಡ್ಕೋಬ್ಯಾಡ."

ಕೊನೆಯ ಮಾತನ್ನು ಅವರು ಪ್ರೀತಿಯಿಂದಲೇ ಹೇಳಿದರು. ಚಂಪಾಗೆ ಉರಿದದ್ದೂ ಅದಕ್ಕೇ.

ಆಕ್ಷೇಪಣೆಯ ಕಲಮು ಅವಳಿಗೆ ಬಾಯಿಪಾಠವಿತ್ತು. ರದ್ದಾದ ಬಿಲ್ಲೆ ಆ ಎರಡು ದಿನಗಳ ಯಾವುದಾದರೂ ಒಂದು ಹನ್ನೆರಡರ ಕರೆಗೆ ತನ್ನ ಜೋಡಿಯಿಂದ ನೂರು ಹೆಜ್ಜೆ ದೂರದಲ್ಲಿ ಓಗೊಟ್ಟರೆ, ಅದು ಬೇರೆ ಮನುಷ್ಯ ಎಂದು ಯಂತ್ರ ಒಪ್ಪುತ್ತದೆ. ಅರ್ಜಿ ಬೇಡ, ಸಹಿ ಬೇಡ. ನೂರು ಹೆಜ್ಜೆ. ನಲವತ್ತು ಸಾವಿರ ಮುಟ್ಟಲು ಹಾಗೆ ಹದಿನೇಳು ಸಾವಿರದ ತೊಂಬತ್ತಾರು ಹೆಂಗಸರು ಓಗೊಡಬೇಕು. ನಾಳಿನ ಕರೆ ಸುದ್ದಿ ಮುಟ್ಟುವುದರೊಳಗೆ ಮುಗಿಯುತ್ತದೆ. ಉಳಿಯುವುದು ನಾಡಿದ್ದಿನ ಒಂದೇ ಮಧ್ಯಾಹ್ನ.

ಅವಳು ರಜೆ ಚೀಟಿ ಬರೆದು ರಿಯಾಜನ ಕೈಗಿತ್ತು ಜಮಖಂಡಿ ಬಸ್ಸು ಹತ್ತಿದಳು.

ನಾಲ್ಕು ಗಂಟೆಗೆ ಕೃಷ್ಣೆಯ ದಂಡೆಯ ಹೊಲದಲ್ಲಿ ಹನ್ನೆರಡು ಜೋಡಿಗಳು ಕೆಲಸದಲ್ಲಿದ್ದವು. ಈಗ ಕಡಿಯುವ ಯಂತ್ರಗಳೂ ಇವೆ. ಆದರೆ ಗಾಳಿಗೆ ಬಿದ್ದ ಕಬ್ಬಿನಲ್ಲಿ, ಎರೆ ಮಣ್ಣಿನ ಕೆಸರಿನಲ್ಲಿ ಯಂತ್ರ ಹೂತುಹೋಗುತ್ತದೆ. ಅಲ್ಲಿಗೆ ಮನುಷ್ಯರನ್ನು ಕಳಿಸುತ್ತಾರೆ. ಅಪ್ಪ ಟೋಪು ಮಗಳನ್ನು ಕಂಡು, ಕೈಲಿದ್ದ ಕೊಯ್ತಾ ಬಿಸಾಕಿ ನೀರಿನ ಕೊಡದ ಕಡೆ ಹೋದ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಜಮಲಿಬಾಯಿ ಅತ್ತ ನೋಡದೆಯೇ ಅದನ್ನು ಎತ್ತಿ ಸೊಂಟಕ್ಕೆ ಸಿಗಿಸಿಕೊಂಡಳು. ಗಂಡಸು ಬಿಟ್ಟ ಕೊಯ್ತಾವನ್ನು ಹೆಂಗಸು ಎತ್ತಿಕೊಳ್ಳಲೇಬೇಕು. ರವದಿಯೊಳಗೆ ಬಿದ್ದರೆ ಮತ್ತೆ ಸಿಗುವುದು ಯಾರದಾದರೂ ಅಂಗಾಲಿಗೇ.

ಕೊಯ್ತಾದ ಹಿಡಿಕೆಗೆ ದಾರದಲ್ಲಿ ಅಪ್ಪನ ಬಿಲ್ಲೆ ಕಟ್ಟಿತ್ತು. ಕೊರಳಲ್ಲಿ ಹಾಕಿಕೊಂಡರೆ ಕಬ್ಬಿನ ಎಲೆಯ ಮೊನಚು ಸುಂಕು ದಾರದಡಿ ಸೇರಿ ತುರಿಸುವ ಗಂದೆ ಏಳುತ್ತದೆ ಎಂದು ಅರ್ಧ ಗಂಡಸರು ಹಾಗೆಯೇ ಕಟ್ಟಿದ್ದರು.

ಚಂಪಾ ಎಲ್ಲವನ್ನೂ ಹೇಳಿದಳು. ಹೆಂಗಸರು ಹೊರೆಗಳ ಮೇಲೆ ಕುಳಿತು ಕೇಳಿದರು.

"ಅಂದರ ನಾ ಇಲ್ಲ?" ಎಂದಳು ಜಮಲಿಬಾಯಿ.

"ಇಲ್ಲ ಅಂತ ಬರದೈತಿ, ಯಾಡಿ." ತಾಂಡಾದಲ್ಲಿ ಅವ್ವನನ್ನು ಕರೆಯುವುದು ಹಾಗೆ.

"ಯಾರು ಬರದಾರ?"

ಸಮಿತಿ ಎನ್ನಬಹುದಿತ್ತು. ಯಂತ್ರ ಎನ್ನಬಹುದಿತ್ತು. "ನಾ ಬರದೀನಿ" ಎಂದಳು ಚಂಪಾ.

ಜಮಲಿಬಾಯಿ ಮಗಳ ಮುಖವನ್ನೇ ನೋಡಿದಳು. ಅವಳ ಅಂಗೈ ಮೇಲೆ ಎಲೆಯ ಗೀರುಗಳು ಒಂದರ ಮೇಲೊಂದು ಬಿದ್ದಿದ್ದವು.

"ನಿನ್ನ ಹೊಟ್ಟ್ಯಾಗ ಇಟ್ಕೊಂಡು ಇದ ಕೆಲಸ ಮಾಡೀನಿ. ನೀ ಹುಟ್ಟಿದ ಒಂಬತ್ತನೇ ದಿನಕ್ಕ ಸಾಲಿನ್ಯಾಗ ನಿಂತೀನಿ. ಗ್ಯಾಂಗಿನ ಮುಕಾದಮ್ ಎಂದೂ ನನ್ನ ಎಣಿಸಲಿಲ್ಲ, ಜೋಡಿಗೊಂದು ಕೊಯ್ತಾ ಅಂತ ಎಣಿಸಿದ. ಆಂವ ಓದಿಲ್ಲ, ಬಿಡು. ನೀ ಓದಿದಿ. ಓದಿ ಏನ ಮಾಡಿದಿ? ಅವನ ಲೆಕ್ಕಾನ ಬರದಿ."

ಚಂಪಾ ಅಳಲಿಲ್ಲ. ಅತ್ತರೆ ಅವ್ವ ಸಮಾಧಾನ ಮಾಡಲಿಕ್ಕೆ ಕೂಡಬೇಕಾಗುತ್ತದೆ, ಅಷ್ಟು ಹೊತ್ತು ಇರಲಿಲ್ಲ.

"ಈಗ ಏನ ಮಾಡಬೇಕು ಹೇಳು" ಎಂದಳು ಜಮಲಿಬಾಯಿ.

"ನಾಡಿದ್ದು ಹನ್ನೆರಡಕ್ಕ ನೀವೆಲ್ಲಾ ಸಾಲು ಬಿಟ್ಟು ನೂರು ಹೆಜ್ಜೆ ದೂರ ಹೋಗಿ ನಿಲ್ಲಬೇಕು."

ಅಷ್ಟರಲ್ಲಿ ಮುಕಾದಮ್ ಸಖಾರಾಮ ಬಂದ. ಗ್ಯಾಂಗ್ ಕಟ್ಟಿ ಕರೆತರುವವನು ಅವನು, ಅದೇ ತಾಂಡಾದವನೇ. "ಏನವಾ ಮೇಡಮ್ಮ, ಹೊಲದಾಗ ಕನ್ನಡ ಸಾಲಿ ತಗದಿ? ಹನ್ನೆರಡಕ್ಕ ಟ್ರ್ಯಾಕ್ಟರ್ ನಿಂತರ ಫ್ಯಾಕ್ಟರಿಯವರು ನನ್ನ ಕೊಳ್ಳ ಹಿಡೀತಾರ. ಸಾಲು ಬಿಟ್ಟ ಹೆಂಗಸಿಗೆ ಅರ್ಧ ದಿನ ಗೈರು ಹಾಕ್ತೀನಿ."

"ಹತ್ತ ನಿಮಿಷ, ಕಾಕಾ."

"ಹತ್ತ ನಿಮಿಷದಾಗ ಲೋಕಸಭಾ ಕಟ್ಟಸ್ತಿಯೇನು? ನೀವು ಓಟು ಹಾಕಿದಾಗೂ ಕಬ್ಬು ಕಡದೀರಿ, ಹಾಕದಾಗೂ ಕಡದೀರಿ."

ಜಮಲಿಬಾಯಿ ಎದ್ದು ಸೊಂಟದ ಕೊಯ್ತಾ ಸರಿಮಾಡಿಕೊಂಡಳು. "ಸಾಲು ಬಿಟ್ಟ ಹೆಂಗಸಿಗೆ ಗೈರು ಅಂದಿಲ್ಲೋ ಸಖ್ಯಾ? ಹಂಗಾರ ನಾವು ಬಿಡೂದಿಲ್ಲ. ನಾವ್ಯಾಕ ಹೋಗೂದು? ಅವರು ಹೋಗಲಿ."

"ಯಾರು?"

"ಗಂಡಸರು. ದೂರ ಆಗಬೇಕು ಅಷ್ಟ ಅಲ್ಲೇನು? ನಾವು ನಿಂತಲ್ಲೇ ನಿಲ್ತೀವಿ. ಸಾಲಿನ್ಯಾಗ. ಯಾರಿಗೆ ಗೈರು ಹಾಕ್ತಿ ಹಾಕು."

ಹೆಂಗಸರು ನಕ್ಕರು. ಟೋಪು ನೀರು ಕುಡಿಯುವುದನ್ನು ನಿಲ್ಲಿಸಿದ. "ನಾ ಎಲ್ಲಿಗೆ ಹೋಗ್ಲಿ?"

"ಕಾಲುವಿ ತನಕ ಹೋಗು. ಹನ್ನೊಂದಕ್ಕ ಬೀಡಿ ಸೇದಾಕ ಹೋಗ್ತಿ, ಮೂರಕ್ಕ ಹೋಗ್ತಿ. ಒಂದ ದಿನ ಹನ್ನೆರಡಕ್ಕ ಹೋಗಿದ್ದಿದ್ದರ ನಾ ಇವತ್ತ ಜೀವಂತ ಇರ್ತಿದ್ದೆ."

ಗಂಡಸರು ಎದ್ದು ಹೋದರೆ ಹೆಂಗಸರಿಗೆ ಗೈರು ಹಾಕುವ ಲೆಕ್ಕ ಸಖಾರಾಮನಿಗೆ ಯಾರೂ ಕಲಿಸಿರಲಿಲ್ಲ.

ಬಸ್ಸಿಗೆ ಹೊರಡುವ ಮುನ್ನ ಚಂಪಾ ಗಂಡಸರಿಗೆ ಎರಡೆರಡು ಸಲ ಹೇಳಿದಳು, ಆ ದಿನ ಬಿಲ್ಲೆ ಕೊರಳಲ್ಲೇ ಇರಬೇಕು. ಟೋಪು ಅವಳೆದುರೇ ಹಿಡಿಕೆಯಿಂದ ಬಿಚ್ಚಿ ಕೊರಳಿಗೆ ಹಾಕಿಕೊಂಡ.

ಅಂದೇ ಜಮಲಿಬಾಯಿ ಲಂಬಾಣಿ ಮಾತಿನಲ್ಲಿ ಒಂದು ಧ್ವನಿ ಸಂದೇಶ ಮಾಡಿ ತನ್ನ ಬೀಗರಿಗೆ, ತವರಿನವರಿಗೆ, ಕಬ್ಬು ಒಯ್ಯುವ ಟ್ರ್ಯಾಕ್ಟರ್ ಚಾಲಕರಿಗೆ ಕಳಿಸಿದಳು. ಅದರಲ್ಲಿ ಕಾನೂನೂ ಇರಲಿಲ್ಲ, ಕಲಮೂ ಇರಲಿಲ್ಲ. "ಅಕ್ಕಂದಿರಾ, ನಾವು ಗಂಡನ ಕಿಸೆದಾಗಿನ ಬಿಲ್ಲಿ ಅಂತ ಸರಕಾರ ಬರದೈತಿ. ನಾಡಿದ್ದು ಹನ್ನೆರಡಕ್ಕ ನೀವು ಸಾಲಿನ್ಯಾಗ ನಿಲ್ರಿ, ಗಂಡಂದಿರನ್ನ ಓಡಸ್ರಿ. ನೂರು ಹೆಜ್ಜೆ. ಅವರ ಕೊಳ್ಳಾಗ ಬಿಲ್ಲಿ ಐತೋ ಇಲ್ಲೋ ಕೈ ಹಾಕಿ ನೋಡ್ರಿ. ಹೋಗಲ್ಲ ಅಂದರ ರೊಟ್ಟಿ ಹಾಕಬ್ಯಾಡ್ರಿ." ಮರುದಿನ ಸಂಜೆಯ ಹೊತ್ತಿಗೆ ಅದು ಯಾರೋ ಯಾರಿಗೋ ಕಳಿಸಿ, ಸುತ್ತಿ, ರಿಯಾಜನ ಫೋನಿಗೂ ಬಂತು. ಹೂಲಿ ಸಾಹೇಬರ ಫೋನಿಗೂ ಹೋಗಿತ್ತು.

ಮೂರನೆಯ ದಿನ ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ಸಾಹೇಬರು ಒಂದು ಹಾಳೆ ಹಿಡಿದು ಎಣಿಕೆಯ ಕೋಣೆಗೆ ಬಂದರು.

"ಚಂಪಾ, ಇದನ್ನ ತಗೋ."

"ಹನ್ನೆರಡು ಹೊಡೀಲಿ ಸರ್. ಆಮ್ಯಾಲ ಕೊಡ್ರಿ. ಅಮಾನತಾದವರು ಪರದೆ ಮುಟ್ಟಬಾರದು ಅಂತ ನಿಯಮ ಐತಿ."

ರಿಯಾಜ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ಸಾಹೇಬರು ಹಾಳೆ ಹಿಡಿದು ನಿಂತೇ ಇದ್ದರು. ಅವರಿಗೂ ನೋಡಬೇಕಿತ್ತು.

ಪರದೆಯ ಮೇಲೆ ನದಿಯ ಎರಡೂ ದಂಡೆಗೆ ಚುಕ್ಕಿಗಳು ಜೋಡಿ ಜೋಡಿಯಾಗಿ ಅಂಟಿಕೊಂಡಿದ್ದವು. ಒಂದು ಹಸಿರು, ಅದರ ಬೆನ್ನಿಗೆ ಒಂದು ಬೂದು. ಇದು ನಿನ್ನೆಯ ಕರೆಯ ಚಿತ್ರ. ಗಡಿಯಾರ ಹನ್ನೆರಡಾಯಿತು. ಕಂಬಗಳು ಕರೆದವು. ಯಂತ್ರ ಎರಡು ಉಸಿರಿನಷ್ಟು ಹೊತ್ತು ತಡೆಯಿತು, ಚಿತ್ರ ಬದಲಾಯಿತು.

ಹಸಿರು ಚುಕ್ಕಿಗಳೆಲ್ಲ ಹೊಲ ಬಿಟ್ಟು ಕಾಲುವೆಯ ಏರಿಗೆ, ಹಾದಿಯ ಬೇವಿನ ನೆರಳಿಗೆ ಹೋಗಿ ಗುಂಪುಗಟ್ಟಿದ್ದವು. ಹೊಲಗಳ ನಡುವೆ ಬೂದು ಚುಕ್ಕಿಗಳು ಸಾಲಾಗಿ, ನೆಟ್ಟ ಕಲ್ಲಿನಂತೆ ನಿಂತಿದ್ದವು. ಒಂದೊಂದೇ ಹೊಲ ಬಣ್ಣ ತಿರುಗತೊಡಗಿತು.

"ಒಂಬತ್ತು ಸಾವಿರ" ಎಂದ ರಿಯಾಜ್. "ಹನ್ನೆರಡು. ಹದಿನೈದು ಆತು. ಹದಿನಾರು..." ಅಲ್ಲಿ ಎಣಿಕೆ ನಿಧಾನವಾಯಿತು. ಕೆಲವು ಹೊಲಗಳಲ್ಲಿ ಜೋಡಿಗಳು ಅಂಟಿಕೊಂಡೇ ಇದ್ದವು. ಯಾವನೋ ಮುಕಾದಮ್ ಗೆದ್ದಿದ್ದ, ಯಾವನೋ ಗಂಡ ಗೆದ್ದಿದ್ದ. "ಹದಿನೇಳು ಸಾವಿರದ ನಲವತ್ತು. ತೊಂಬತ್ತು. ಏ, ಬಾರಲೇ ಬಾ... ದಾಟಿತು! ಚಂಪಾ, ದಾಟಿತು!"

ಹದಿನೇಳು ಸಾವಿರದ ಆರುನೂರ ನಲವತ್ತಕ್ಕೆ ನಿಂತಿತು. ಒಟ್ಟು ನಲವತ್ತು ಸಾವಿರದ ಐನೂರ ನಲವತ್ತನಾಲ್ಕು. ಯಂತ್ರ ತಾನಾಗಿಯೇ ಒಂದು ಹೊಸ ಸಾಲು ಬರೆಯಿತು: ಕ್ಷೇತ್ರ ನೂರಾ ಇಪ್ಪತ್ತು, ನಡೆಯುವ ಕ್ಷೇತ್ರ, ಕಬ್ಬಿನ ಜನ.

ಹೂಲಿ ಸಾಹೇಬರು ಹಾಳೆಯನ್ನು ಮೇಜಿನ ಮೇಲಿಟ್ಟು, ಅದು ಹಾರದಂತೆ ಅವಳ ನೀರಿನ ಬಾಟಲಿಯನ್ನು ಅದರ ಮೇಲಿಟ್ಟರು.

ಚಂಪಾ ಪರದೆಯಿಂದ ಏಳುವ ಮುನ್ನ ಒಂದು ಹೆಸರು ಒತ್ತಿದಳು.

ಜಮಲಿಬಾಯಿ ಟೋಪು ರಾಠೋಡ. ಬೂದು. ರದ್ದು. ಜೋಡಿ ಬಿಲ್ಲೆಯಿಂದ ದೂರ: ಒಂದು ಹೆಜ್ಜೆಗಿಂತ ಕಡಿಮೆ.

ಎರಡು ಸಲ ನೋಡಿದಳು. ಅಪ್ಪನ ಚುಕ್ಕಿ ಕಾಲುವೆಯ ಏರಿಯ ಮೇಲೆ ಇರಲಿಲ್ಲ. ಅದು ಹೊಲದ ನಡುವೆ, ಅವ್ವನ ಚುಕ್ಕಿಯ ಪಕ್ಕದಲ್ಲೇ ಇತ್ತು. ಹೊರಗೆ ಬಂದು ಫೋನು ಹಚ್ಚಿದಳು. ಆ ಕಡೆ ಹೆಂಗಸರ ಗದ್ದಲ.

"ಆತೇನು?" ಎಂದು ಕೂಗಿದಳು ಜಮಲಿಬಾಯಿ.

"ಆತು, ಯಾಡಿ. ಕುರ್ಚಿ ಬಂತು."

ಗದ್ದಲ ಇನ್ನಷ್ಟು ಏರಿತು. ಯಾರೋ ಕೇಕೆ ಹಾಕಿದರು. "ನಂದೂ ಹಸರ ಆತೇನು?"

"ನಿಂದು ಆಗಿಲ್ಲ."

"ಯಾಕ?"

"ಬಾಪು ಅಲ್ಲೇ ನಿಂತಾನೇನು?"

"ಇಲ್ಲ, ಕಾಲುವಿ ಮ್ಯಾಲ ಬೀಡಿ ಸೇದಾಕತ್ತಾನ. ಎಲ್ಲಾರಕಿಂತ ಮೊದಲ ಅವನ್ನ ಓಡಿಸೀನಿ."

"ಅವನ ಬಿಲ್ಲಿ ನಿನ್ನ ಕಡೆ ಐತಿ. ಕೊಯ್ತಾ ಎಲ್ಲೈತಿ?"

ಫೋನಿನಲ್ಲಿ ಸೀರೆ ಸರಿದ ಸಪ್ಪಳ, ಲೋಹದ ಸಪ್ಪಳ. ಆಮೇಲೆ ಜಮಲಿಬಾಯಿ ಗಂಡನಿಗೆ ಬೈದ ಬೈಗುಳ ಕಾಲುವೆಯ ತನಕ ಕೇಳಿರಬೇಕು. "ಗಂದಿ ಎದ್ದಾವ ಅಂತ ಮುಂಜಾನೆ ಮತ್ತ ಹಿಡಿಕ್ಯಾಗ ಕಟ್ಯಾನ, ಹಲ್ಕಟ್! ಬಿಸಾಕಿ ಹೋದ. ಬಿದ್ದಿತ್ತು ಅಂತ ಎತ್ತಿ ಸಿಗಿಸ್ಕೊಂಡೆ. ಹನ್ನೊಂದು ಮಂದಿ ಗಂಡಂದಿರ ಕೊಳ್ಳಾಗ ಕೈ ಹಾಕಿ ನೋಡೀನಿ, ನನ್ನ ಗಂಡಂದೊಂದು ಬಿಟ್ಟು."

ಎತ್ತಿ ಸಿಗಿಸಿಕೊಳ್ಳಬೇಡ ಎಂದು ಚಂಪಾ ಅವ್ವನಿಗೆ ಹೇಳಿರಲಿಲ್ಲ. ಈ ಮಾತೂ ಅವಳಿಗೆ ಹೊಳೆದಿರಲಿಲ್ಲ.

"ಮುಂದಿನ ವರ್ಷ?" ಎಂದಳು ಜಮಲಿಬಾಯಿ. ಈಗ ದನಿ ತಣ್ಣಗಿತ್ತು.

"ಪಟ್ಟಿ ಮತ್ತ ಮೊದಲಿಂದ ಆಗತೈತಿ. ನಿಯಮ ಹಂಗ ಇದ್ದರ ಎಲ್ಲಾರೂ ಮತ್ತ ರದ್ದು."

"ಎಲ್ಲಾರೂ?"

"ಎಲ್ಲಾರೂ."

"ಅಂದರ ವರ್ಷಾ ವರ್ಷಾ ಗಂಡನ್ನ ಓಡಿಸಿ ನಾ ಮನಷ್ಯಾಳು ಅಂತ ತೋರಿಸಬೇಕು? ಕೇಳು. ಆ ಕುರ್ಚಿ ಮ್ಯಾಲ ಯಾರ ಕುಂಡ್ರಲಿ, ನಮ್ಮ ಮೊದಲನೇ ಕೆಲಸ ಅದ. ನೀ ಬರದದ್ದು ತಗ್ಯೂದು. ಅದನ್ನ ಹೆಂಗ ಬರೀಬೇಕಿತ್ತು, ಬರದಿಡು. ಇವತ್ತ ಬರದಿಡು. ಟ್ರ್ಯಾಕ್ಟರ್ ಬಂತು, ಇಡ್ತೀನಿ."

ಚಂಪಾ ಒಳಗೆ ಬಂದಳು. ಹೂಲಿ ಸಾಹೇಬರು ಇನ್ನೂ ಪರದೆಯ ಮುಂದೆ ನಿಂತು ಯಾರಿಗೋ ಫೋನಿನಲ್ಲಿ "ಹೌದ್ರಿ, ಹೌದ್ರಿ" ಎನ್ನುತ್ತಿದ್ದರು. ಅವಳು ಬಾಟಲಿ ಸರಿಸಿ ಅಮಾನತಿನ ಹಾಳೆ ಎತ್ತಿಕೊಂಡಳು, ಓದಲಿಲ್ಲ. ಹಾಳೆ ಮಗುಚಿ ಅದರ ಬೆನ್ನಿನ ಮೇಲೆ ಬರೆದಳು:

'ನಿಯಮ ಏಳಕ್ಕೆ ತಿದ್ದುಪಡಿ. ಯಾವುದೇ ಬಿಲ್ಲೆಯನ್ನು ರದ್ದು ಮಾಡುವ ಮುನ್ನ ಒಬ್ಬರು ಆ ಜಾಗಕ್ಕೆ ಹೋಗಿ ನೋಡತಕ್ಕದ್ದು. ಹಳೆಯ ನಿಯಮ ಬರೆದವರು: ಚಂಪಾ ಟೋಪು ರಾಠೋಡ.'

ಒಂದು ಕ್ಷಣ ನೋಡಿ, ತನ್ನ ಹೆಸರಿನಲ್ಲಿ ಟೋಪು ಎಂಬುದನ್ನು ಹೊಡೆದು ಮೇಲೆ ಜಮಲಿಬಾಯಿ ಎಂದು ಬರೆದಳು. ಹಾಳೆಯನ್ನು ಸಾಹೇಬರ ಕೈಗೆ ಕೊಟ್ಟಳು. ಎಲ್ಲ ಸೇರಿ ಒಂದು ನಿಮಿಷವೂ ಹಿಡಿದಿರಲಿಲ್ಲ.